ನಾನೂರಕ್ಕೆ ಕೂದಲೆಳೆಯಷ್ಟು ಕಡಿಮೆ

ಕಳೆದ ತಿಂಗಳು ಒಂದೇ ವಾರದಲ್ಲಿ ನಾನು ಎರಡು ಕೆಲಸ ಮಾಡಿದೆ. ಎರಡೂ ಸಣ್ಣವು, ಯಾರೂ ಗಮನಿಸುವಂಥವಲ್ಲ.

ಸೋಮವಾರ, ನಾನು ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುವ ಕಾಲೇಜಿನಲ್ಲಿ ಬಿ.ಎ. ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಒಂದೇ ಒಂದು ಮಾರ್ಕ್ಸ್ ಸರ್" ಎಂದ. ಪಾಸಾಗಲು 35 ಬೇಕಿತ್ತು, ಅವನಿಗೆ 34 ಬಂದಿತ್ತು. "ನಿಯಮ ಅಂದ್ರೆ ನಿಯಮ ಕಣಪ್ಪ. ನಿನಗೆ ಒಂದು ಕೊಟ್ಟರೆ ನಾಳೆ 33 ತೆಗೆದವನು ಬಂದು ನಿಲ್ತಾನೆ" ಎಂದು ಕಳಿಸಿಬಿಟ್ಟೆ. ಗುರುವಾರ ಹಿರಿಯ ಸಂಶೋಧಕರೊಬ್ಬರು ಫೋನ್ ಮಾಡಿ ತಮ್ಮ ಲೇಖನಕ್ಕೆ ನನ್ನ ಹೆಸರನ್ನೂ ಸೇರಿಸುವುದಾಗಿ ಹೇಳಿದರು. ಆ ಲೇಖನಕ್ಕೆ ನಾನು ಮಾಡಿದ್ದು ಅಡಿಟಿಪ್ಪಣಿಗಳ ಅಲ್ಪವಿರಾಮ ತಿದ್ದುವ ಕೆಲಸ, ಅಷ್ಟೇ. "ನಿಂಗೂ ಎರಡು ಪಬ್ಲಿಕೇಷನ್ ಆದಂಗಾಯ್ತಲ್ಲ" ಎಂದರು. ನಾನು "ಥ್ಯಾಂಕ್ಸ್ ಸರ್" ಎಂದೆ.

ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯುವಂತೆ ಮಾಡಿದವನು ನಾನು ಎಂದೂ ಆಡದ, ಪೂರ್ತಿಯಾಗಿ ನೋಡಿಯೂ ಇರದ ಆಟವೊಂದರ ಆಟಗಾರ.

ನನ್ನ ಪಿಎಚ್.ಡಿ. ವಿಷಯ ಕರ್ತವ್ಯವನ್ನು ಮೀರಿದ ಒಳಿತು. ಮಾಡದಿದ್ದರೆ ಯಾರೂ ತಪ್ಪೆನ್ನುವುದಿಲ್ಲ, ಮಾಡಿದರೆ ಎಲ್ಲರೂ ಮೆಚ್ಚುತ್ತಾರೆ. ಅಂಥ ಕೆಲಸಗಳಿಗೆ ನೀತಿಶಾಸ್ತ್ರದಲ್ಲಿ ಯಾವ ಜಾಗ ಎಂಬುದು ಪ್ರಶ್ನೆ. ಜೆ. ಓ. ಅರ್ಮ್‌ಸನ್ 1958ರಲ್ಲಿ ಬರೆದ ಪ್ರಬಂಧದಿಂದ ಈ ಚರ್ಚೆಗೆ ಹೊಸ ಜೀವ ಬಂತು. ಅಲ್ಲಿ ಬರುವ ಉದಾಹರಣೆ, ಜೊತೆಗಾರರನ್ನು ಉಳಿಸಲು ಗ್ರೆನೇಡಿನ ಮೇಲೆ ಬೀಳುವ ಸೈನಿಕ. ಪ್ರಾಣದ ಮಾತೇ ಇಲ್ಲದ, ಬರೀ ಒಂದು ಅಂಕಿಯ ಪ್ರಶ್ನೆಯಾಗಿರುವ ಉದಾಹರಣೆ ನನಗೆ ಬೇಕಿತ್ತು. ಹುಡುಕುವಾಗ ಸಿಕ್ಕವನು ಟೆಡ್ ವಿಲಿಯಮ್ಸ್. ಬಾಸ್ಟನ್ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಆಟಗಾರ.

ಕ್ರಿಕೆಟ್ ಗೊತ್ತಿರುವ ನಮಗೆ ಬೇಸ್‌ಬಾಲಿನ ಸರಾಸರಿ ಸ್ವಲ್ಪ ವಿಚಿತ್ರ. ಅಲ್ಲಿ ಎಣಿಸುವುದು ರನ್ ಅಲ್ಲ. ಬ್ಯಾಟ್ಸ್‌ಮನ್ ಚೆಂಡನ್ನು ಹೊಡೆದು, ಎದುರಾಳಿಯ ತಪ್ಪಿನಿಂದಲ್ಲದೆ ತನ್ನ ಹೊಡೆತದಿಂದಲೇ ಬೇಸ್ ತಲುಪಿದರೆ ಅದು ಒಂದು ಹಿಟ್. ಒಟ್ಟು ಹಿಟ್‌ಗಳನ್ನು, ಲೆಕ್ಕಕ್ಕೆ ಹಿಡಿದ ಒಟ್ಟು ಸರದಿಗಳಿಂದ ಭಾಗಿಸಿದರೆ ಸರಾಸರಿ. ಹತ್ತು ಸರದಿಯಲ್ಲಿ ಮೂರು ಹಿಟ್ ಬಂದರೆ 0.300, ಅದೇ ಒಳ್ಳೆಯ ಆಟಗಾರನ ಗುರುತು. ಅಂದರೆ ಹತ್ತರಲ್ಲಿ ಏಳು ಸಲ ಸೋಲುವವನು ಅಲ್ಲಿ ಗೆದ್ದವನು. ಇಡೀ ಋತುವಿನಲ್ಲಿ 0.400 ಮುಟ್ಟುವುದು ದಂತಕಥೆಯ ಮಾತು. ಅವರು ಅದನ್ನು ಬಾಯಲ್ಲಿ "ನಾನೂರು" ಎಂದೇ ಹೇಳುತ್ತಾರೆ. 1930ರ ನಂತರ ಆ ದೊಡ್ಡ ಲೀಗುಗಳಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

1941ರ ಸೆಪ್ಟೆಂಬರ್ 27, ಶನಿವಾರ. ಇಪ್ಪತ್ಮೂರು ವರ್ಷದ ವಿಲಿಯಮ್ಸ್ ಫಿಲಡೆಲ್ಫಿಯಾದಲ್ಲಿ ಆಡುತ್ತಿದ್ದ. ಬೆಳಿಗ್ಗೆ ಅವನ ಸರಾಸರಿ 0.401. ಸಂಜೆಯ ಹೊತ್ತಿಗೆ, ನಾಲ್ಕು ಸರದಿಯಲ್ಲಿ ಒಂದೇ ಹಿಟ್ ಬಂದು, ಲೆಕ್ಕ 448 ಸರದಿಗೆ 179 ಹಿಟ್ ಎಂದಾಯಿತು. ಭಾಗಿಸಿ ನೋಡಿ: 0.39955. ದಾಖಲೆಯ ಪುಸ್ತಕದಲ್ಲಿ ಮೂರು ಅಂಕಿಗಳಿಗಷ್ಟೇ ಜಾಗ, ಆದ್ದರಿಂದ ಅಲ್ಲಿ ಅದು 0.400 ಎಂದೇ ಅಚ್ಚಾಗುತ್ತದೆ. ಉಳಿದದ್ದು ಭಾನುವಾರದ ಎರಡು ಪಂದ್ಯ ಮಾತ್ರ. ಮ್ಯಾನೇಜರ್ ಜೋ ಕ್ರೋನಿನ್, ಬೇಕಿದ್ದರೆ ನಾಳೆ ಹೊರಗೆ ಕೂರಬಹುದು ಎಂದು ಸೂಚಿಸಿದ. ವಿಲಿಯಮ್ಸ್ ಒಪ್ಪಲಿಲ್ಲ. ಆ ರಾತ್ರಿ ಫಿಲಡೆಲ್ಫಿಯಾದ ಬೀದಿಗಳಲ್ಲಿ ಬಹಳ ಹೊತ್ತು ನಡೆದಾಡಿ, ಮರುದಿನ ಮೈದಾನಕ್ಕಿಳಿದ.

ಮೊದಲ ಪಂದ್ಯದಲ್ಲಿ ಐದು ಸರದಿಗೆ ನಾಲ್ಕು ಹಿಟ್, ಅದರಲ್ಲೊಂದು ಹೋಮ್ ರನ್. ಲೆಕ್ಕ 453ಕ್ಕೆ 183, ಸರಾಸರಿ 0.404. ಈಗ ಪೂರ್ಣಾಂಕದ ಸಹಾಯವೇ ಬೇಕಿಲ್ಲ. ಆಗಲಾದರೂ ಕೂರಬಹುದಿತ್ತು. ಎರಡನೆಯ ಪಂದ್ಯವನ್ನೂ ಆಡಿದ. ಮೂರಕ್ಕೆ ಎರಡು. ಕೊನೆಗೆ 456ಕ್ಕೆ 185, ಅಂದರೆ 0.406.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಶಾಲಾ ವಾರ್ಷಿಕೋತ್ಸವದ ಭಾಷಣವಾಗುತ್ತದೆ. ನನಗೆ ತೊಡಕಾಗಿ ಕಂಡದ್ದು ಬೇರೆ. ವಿಲಿಯಮ್ಸ್ ಹೊರಗೆ ಕೂತಿದ್ದರೆ ಅದು ಮೋಸವಾಗುತ್ತಿತ್ತೆ? ಖಂಡಿತ ಇಲ್ಲ. ಪೂರ್ಣಾಂಕ ಮಾಡುವುದು ಎಲ್ಲರಿಗೂ ಅನ್ವಯಿಸುವ ಪದ್ಧತಿ. ಹಾಗೆ ಬಂದ 0.400 ಸುಳ್ಳಲ್ಲ. ಹಾಗಿದ್ದರೆ ಅವನು ನಿರಾಕರಿಸಿದ್ದು ಏನನ್ನು? ನನಗನಿಸುವಂತೆ, ಒಂದು ಅಂಕಿ ನನ್ನ ಹೆಸರಿನ ಮುಂದೆ ಇರುವುದಕ್ಕೂ ಅದು ನನ್ನದಾಗಿರುವುದಕ್ಕೂ ನಡುವೆ ಇರುವ ಆ ಕೂದಲೆಳೆಯ ಅಂತರವನ್ನು. ಪುಸ್ತಕಕ್ಕೆ ಆ ಅಂತರ ಕಾಣುವುದಿಲ್ಲ. ಅವನಿಗೆ ಮಾತ್ರ ಕಾಣುತ್ತಿತ್ತು.

ಇನ್ನೊಂದು ತೊಡಕು, ಗೆಲುವಿನದು. ಅವನು ಎಂಟಕ್ಕೆ ಆರು ಹೊಡೆದದ್ದರಿಂದ ನಾವು ಕೊಂಡಾಡುತ್ತಿದ್ದೇವೆ. ಎಂಟಕ್ಕೆ ಎರಡೇ ಬಂದಿದ್ದರೆ ಸರಾಸರಿ 0.397ಕ್ಕೆ ಇಳಿಯುತ್ತಿತ್ತು. ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ಹುಂಬ ಎಂದು ಜನ ನಗುತ್ತಿದ್ದರು. ಅದೇ ತೀರ್ಮಾನ, ಅದೇ ರಾತ್ರಿ, ಅದೇ ನಡಿಗೆ. ಬೇರೆಯಾಗುತ್ತಿದ್ದದ್ದು ಚೆಂಡು ಬಿದ್ದ ಜಾಗ ಮಾತ್ರ. ಇದನ್ನೇ ಇನ್ನೊಬ್ಬ ವಿಲಿಯಮ್ಸ್, ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್, 1976ರಲ್ಲಿ "ನೈತಿಕ ಅದೃಷ್ಟ" ಎಂದು ಕರೆದ. ನಮ್ಮ ಹಿಡಿತದಲ್ಲಿಲ್ಲದ ಫಲವನ್ನು ನೋಡಿ ನಮ್ಮ ತೀರ್ಮಾನವನ್ನು ತೂಗುವುದು ನ್ಯಾಯವೇ ಎಂಬ ಪ್ರಶ್ನೆ. ಶನಿವಾರ ರಾತ್ರಿಯ ತೀರ್ಮಾನಕ್ಕೆ ಬೆಲೆಯಿದ್ದರೆ ಅದು ಶನಿವಾರವೇ ಇರಬೇಕು. ಭಾನುವಾರದ ಆರು ಹಿಟ್‌ಗಳು ಅದಕ್ಕೆ ಸಾಕ್ಷಿ ಹೇಳಲಾರವು.

ಅವನು ಸಂತನೇನಲ್ಲ ಎಂಬುದನ್ನೂ ಹೇಳಬೇಕು. ಮುಂಗೋಪಿ. 1956ರಲ್ಲಿ ಪ್ರೇಕ್ಷಕರತ್ತ ಉಗಿದು 5,000 ಡಾಲರ್ ದಂಡಕ್ಕೆ ಗುರಿಯಾದವನು. 1941ರ ಆ ನಿರ್ಧಾರದಲ್ಲೂ ಅಹಂಕಾರದ ಪಾಲಿರಬಹುದು. ಇದ್ದರೂ ನನ್ನ ಪ್ರಶ್ನೆ ಕರಗುವುದಿಲ್ಲ.

ಇಷ್ಟು ಬರೆದು ಅಧ್ಯಾಯ ಮುಗಿಯಿತೆಂದುಕೊಂಡಿದ್ದೆ. ಆಗ ಕ್ರೋನಿನ್ ಅಡ್ಡ ಬಂದ. ನನ್ನ ಕರಡಿನಲ್ಲಿ ಅವನು ಆಮಿಷ ಒಡ್ಡುವವನ ಹಾಗೆ ಕಾಣುತ್ತಿದ್ದ. ಆದರೆ ಅವನು ಮಾಡಿದ ತಪ್ಪೇನು? ಋತುವಿಡೀ ದುಡಿದ ಹುಡುಗನಿಗೆ ಒಂದು ದಾರಿ ತೋರಿಸಿದ. ಹಾಗಲ್ಲದೆ, "ನಿಯಮ ಅಂದ್ರೆ ನಿಯಮ, ಆಡಲೇಬೇಕು" ಎಂದು ಅವನನ್ನು ಮೈದಾನಕ್ಕೆ ತಳ್ಳಿದ್ದರೆ? ಅದೇ ಎರಡು ಪಂದ್ಯ, ಅದೇ ಆರು ಹಿಟ್, ಆದರೆ ಕಥೆಯ ತೇಜಸ್ಸೆಲ್ಲ ಹೋಗುತ್ತಿತ್ತು. ಕಟ್ಟುನಿಟ್ಟು ತನ್ನ ಮೇಲೆ ತಾನೇ ಹೇರಿಕೊಂಡಾಗ ಅದು ಒಂದು ಗುಣ. ಇನ್ನೊಬ್ಬರ ಮೇಲೆ ಹೇರಿದಾಗ ಬಹುಪಾಲು ಬರೀ ಅಧಿಕಾರ.

ಆ ವಾಕ್ಯ ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಡುಗ ನೆನಪಾದ. ಫೋನ್ ನೆನಪಾಯಿತು. ನನ್ನ ಅಂಕಿಗೆ ನಾನು ಕ್ರೋನಿನ್‌ನಂತೆ ಉದಾರಿಯಾಗಿದ್ದೆ. ಹುಡುಗನ ಅಂಕಿಗೆ ವಿಲಿಯಮ್ಸ್‌ನಂತೆ ಕಠಿಣನಾಗಿದ್ದೆ. ಕರ್ತವ್ಯವನ್ನು ಮೀರಿದ ಒಳಿತಿನ ಬಗ್ಗೆ ನಾಲ್ಕು ವರ್ಷ ಓದಿದವನು ಎರಡನ್ನೂ ತಿರುವುಮುರುವು ಮಾಡಿದ್ದೆ.

ಹಾಗಾದರೆ ಹುಡುಗನಿಗೆ ಒಂದು ಅಂಕ ದಾನ ಮಾಡಬೇಕಿತ್ತೆ? ಅದಕ್ಕೂ ಉತ್ತರ ಅಷ್ಟು ಸುಲಭವಲ್ಲ. ಉತ್ತರದ ಒಂದು ತುದಿ ಸಿಕ್ಕಿದ್ದು ವಿಲಿಯಮ್ಸ್‌ನ ಬದುಕಿನ ಇನ್ನೊಂದು ದಿನದಲ್ಲಿ.

1966ರ ಜುಲೈ 25. ಅವನು ನಿವೃತ್ತನಾಗಿ ಆರು ವರ್ಷವಾಗಿತ್ತು. ಎರಡನೆಯ ಮಹಾಯುದ್ಧಕ್ಕೆ 1943ರಿಂದ 45ರವರೆಗಿನ ಮೂರು ಪೂರ್ಣ ಋತುಗಳನ್ನೂ, ಕೊರಿಯಾ ಯುದ್ಧಕ್ಕೆ ಇನ್ನೆರಡರ ಹೆಚ್ಚಿನ ಭಾಗವನ್ನೂ ಕೊಟ್ಟೂ 521 ಹೋಮ್ ರನ್, 2,654 ಹಿಟ್, 0.344 ಸರಾಸರಿ. ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಅವನನ್ನು ಸೇರಿಸಿಕೊಳ್ಳುವ ಸಮಾರಂಭ. ತನ್ನ ಸಾಧನೆಯ ದಿನದಂದು, ತನ್ನ ಚಿಕ್ಕ ಭಾಷಣದಲ್ಲಿ, ಅವನು ಅಲ್ಲಿ ಇಲ್ಲದ ಇಬ್ಬರ ಹೆಸರೆತ್ತಿದ: ಸ್ಯಾಚೆಲ್ ಪೇಜ್ ಮತ್ತು ಜಾಶ್ ಗಿಬ್ಸನ್. ಕಪ್ಪು ಆಟಗಾರರ ನೀಗ್ರೋ ಲೀಗುಗಳ ಈ ಮಹಾನ್ ಆಟಗಾರರೂ ಒಂದು ದಿನ ಇಲ್ಲಿ ಸೇರಲಿ ಎಂದು ಆಶಿಸಿದ. ಅವರು ಇಲ್ಲಿ ಇಲ್ಲದಿರುವುದು ಅವಕಾಶ ಕೊಡದ ಕಾರಣಕ್ಕೆ ಮಾತ್ರ ಎಂದ. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು. ಗಿಬ್ಸನ್ ಅದನ್ನು ನೋಡಲು ಇರಲಿಲ್ಲ. 1947ರ ಜನವರಿಯಲ್ಲಿ 35ನೇ ವಯಸ್ಸಿನಲ್ಲೇ ತೀರಿಕೊಂಡಿದ್ದ. ಅದಾಗಿ ಮೂರು ತಿಂಗಳಿಗೆ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿ ಆ ಬಣ್ಣದ ಗೋಡೆಯನ್ನು ಒಡೆದ.

ವಿಲಿಯಮ್ಸ್‌ನ ಸ್ವಂತ ತಂಡ ಆ ಗೋಡೆಯನ್ನು ಎಲ್ಲರಿಗಿಂತ ಹೆಚ್ಚು ಕಾಲ ಕಾಪಾಡಿತು. ರೆಡ್ ಸಾಕ್ಸ್‌ಗೆ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಬಂದದ್ದು 1959ರಲ್ಲಿ. ಪಂದ್ಯಕ್ಕೆ ಮೊದಲು ಚೆಂಡೆಸೆದು ಮೈ ಸಡಿಲ ಮಾಡಿಕೊಳ್ಳಲು ವಿಲಿಯಮ್ಸ್ ಅವನನ್ನೇ ಜೊತೆಗಾರನನ್ನಾಗಿ ಕರೆದುಕೊಂಡ. ವಿಲಿಯಮ್ಸ್‌ನ ತಾಯಿ ಮೆಕ್ಸಿಕನ್ ಮೂಲದವಳು. ಆ ವಿಷಯವನ್ನು ಅವನು ಹೆಚ್ಚು ಆಡಿದವನಲ್ಲ. ತಂದೆಯ ಹೆಸರಿನ ಬದಲು ತಾಯಿಯ ಮನೆತನದ ಹೆಸರಿದ್ದಿದ್ದರೆ ಬಾಗಿಲು ಅಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ ಎಂಬ ಅರಿವು ಅವನಿಗಿತ್ತು.

2024ರ ಮೇ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್, ನೀಗ್ರೋ ಲೀಗುಗಳ ಅಂಕಿಅಂಶಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. ಜಾಶ್ ಗಿಬ್ಸನ್‌ನ ಸರಾಸರಿ 0.372, ಟೈ ಕಾಬ್‌ನ 0.367ನ್ನು ಹಿಂದಿಕ್ಕಿ ಸಾರ್ವಕಾಲಿಕ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. 1943ರ ಒಂದು ಋತುವಿನಲ್ಲಿ ಅವನದು 0.466. ಅಂದರೆ "ನಾನೂರು ಮುಟ್ಟಿದ ಕೊನೆಯ ಆಟಗಾರ" ಎಂಬ ವಿಲಿಯಮ್ಸ್‌ನ ಬಿರುದು ಎಂಬತ್ತಕ್ಕೂ ಹೆಚ್ಚು ವರ್ಷಗಳ ನಂತರ ಹೋಯಿತು.

ಇದಕ್ಕೆ ಆಕ್ಷೇಪಗಳಿವೆ, ಹುರುಳಿಲ್ಲದವೂ ಅಲ್ಲ. ನೀಗ್ರೋ ಲೀಗುಗಳ ಋತು ಚಿಕ್ಕದು. ಎಷ್ಟೋ ಪಂದ್ಯಗಳ ಸ್ಕೋರು ಉಳಿದಿಲ್ಲ. ಕಡಿಮೆ ಸರದಿಗಳಲ್ಲಿ ಸರಾಸರಿ ಏರುವುದು ಸುಲಭ. ಆದರೆ ಋತು ಚಿಕ್ಕದಾಗಿದ್ದು ಗಿಬ್ಸನ್ ಬಯಸಿದ್ದರಿಂದಲ್ಲ. ದೊಡ್ಡ ಬಾಗಿಲು ಮುಚ್ಚಿದವರು ಒಳಗಿನ ಅಳತೆಗೋಲು ತಂದು ಹೊರಗಿದ್ದವನನ್ನು ಅಳೆದು "ಸ್ವಲ್ಪ ಕಡಿಮೆ" ಎನ್ನುವುದು ಹೇಗೆ? ವಿಲಿಯಮ್ಸ್‌ನ 185 ಹಿಟ್‌ಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಸ್ಯಾಚೆಲ್ ಪೇಜ್‌ನಂಥ ಪಿಚರ್ ಇಲ್ಲದಂತೆ ಬೇಲಿ ಹಾಕಿದ ಲೀಗಿನಲ್ಲಿ ಹೊಡೆದ ಹಿಟ್‌ಗಳು ಅವು. 1941ರಲ್ಲಿ ಅವನು ತನ್ನ ಅಂಕಿಯ ಒಳಗಿನ ಕೊರತೆಯನ್ನು ನೋಡಿದ. ಅದು ನಾಲ್ಕನೆಯ ದಶಮಾಂಶದಲ್ಲಿತ್ತು. ಬೇಲಿಯಿಂದಾದ ಕೊರತೆ ಯಾವ ದಶಮಾಂಶದಲ್ಲೂ ಕಾಣುವಂಥದ್ದಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಇನ್ನೂ ಇಪ್ಪತ್ತೈದು ವರ್ಷ ಹಿಡಿಯಿತು.

ಗಿಬ್ಸನ್‌ಗೆ 2024ರಲ್ಲಿ ಕೊಟ್ಟದ್ದು ಔದಾರ್ಯವಲ್ಲ ಎಂದು ನಾನು ತಿಳಿಯುತ್ತೇನೆ. ಅವನು ಹೊಡೆದ ಹಿಟ್‌ಗಳು ಮೊದಲೇ ಇದ್ದವು, ಎಣಿಸಿರಲಿಲ್ಲ ಅಷ್ಟೇ. ನಾನು ಹುಡುಗನ ವಿಷಯದಲ್ಲಿ ಕೇಳಿಕೊಂಡ ಪ್ರಶ್ನೆಯೇ ತಪ್ಪಾಗಿತ್ತು. ಒಂದು ಅಂಕ ಕೊಡಬೇಕೋ ಬೇಡವೋ ಎಂದು ಯೋಚಿಸಿದೆನೇ ಹೊರತು ಇದ್ದದ್ದನ್ನು ನೋಡಿದ್ದೇನೆಯೇ ಎಂದು ಕೇಳಿಕೊಳ್ಳಲಿಲ್ಲ.

ಉತ್ತರಪತ್ರಿಕೆ ತೆಗೆದು ಮತ್ತೆ ಓದಿದೆ. ಕಾಂಟ್ ಬಗ್ಗೆ ಐದು ಅಂಕದ ಪ್ರಶ್ನೆಯೊಂದಿತ್ತು. ಪ್ರಾಮಾಣಿಕ ಅಂಗಡಿಯವನ ಉದಾಹರಣೆ ಬರೆಯಬೇಕಿತ್ತು. ಲಾಭಕ್ಕಾಗಿ ಪ್ರಾಮಾಣಿಕನಾಗಿರುವವನು ಮತ್ತು ಕರ್ತವ್ಯವೆಂದು ಪ್ರಾಮಾಣಿಕನಾಗಿರುವವನು, ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ ಎಂಬ ಮಾತು. ಹುಡುಗ ತನ್ನ ಊರಿನ ರೇಷನ್ ಅಂಗಡಿ ಬರೆದಿದ್ದ. ಇನ್‌ಸ್ಪೆಕ್ಟರ್ ಬರುವ ದಿನ ಸರಿಯಾಗಿ ತೂಗುವವನು, ಯಾರೂ ಇಲ್ಲದಾಗ ಕಣ್ಣು ಕಾಣದ ಮುದುಕಿಗೂ ಸರಿಯಾಗಿ ತೂಗುವವನು. ಅಕ್ಷರ ಸೊಟ್ಟ, ಭಾಷೆ ಮನೆಮಾತು, ಕಾಂಟನ ಹೆಸರು ಕಾಗುಣಿತ ತಪ್ಪಿ ಒಂದೇ ಕಡೆ. ನಾನು ಎರಡು ಅಂಕ ಹಾಕಿ ಮುಂದೆ ಹೋಗಿದ್ದೆ. ನೋಟ್ಸ್ ಉರು ಹೊಡೆದವರಿಗೆ ನಾಲ್ಕು ಕೊಟ್ಟಿದ್ದೆ. ಅವನಿಗೂ ನಾಲ್ಕು ಸಲ್ಲಬೇಕಿತ್ತು. ಒಟ್ಟು 36.

ಹಿರಿಯರಿಗೆ ಫೋನ್ ಮಾಡಿ ನನ್ನ ಹೆಸರು ತೆಗೆಯಿರಿ ಎಂದು ಕೇಳಿಕೊಂಡೆ. "ಇಷ್ಟಕ್ಕೆಲ್ಲ ಯಾಕಪ್ಪಾ, ಎಲ್ಲರೂ ಮಾಡೋದೇ ತಾನೆ" ಎಂದರು. ಸಿಟ್ಟಾದಂತೆ ಕಾಣಲಿಲ್ಲ, ಬೇಸರವಾಗಿರಬಹುದು. ನನ್ನ ಪಟ್ಟಿಯಲ್ಲಿ ಮತ್ತೆ ಒಂದೇ ಲೇಖನ ಉಳಿದಿದೆ. ಪ್ರಬಂಧ ಸಲ್ಲಿಸುವುದು ತಡವಾಗುತ್ತದೆ ಎಂದು ಗೈಡ್ ಎಚ್ಚರಿಸಿದ್ದಾರೆ. ಇದನ್ನು ಬರೆಯುವಾಗ ಭಯವೇನೂ ಹೋಗಿಲ್ಲ.

ಹುಡುಗನ ಅಂಕಪಟ್ಟಿ ಆಗಲೇ ಕಾಲೇಜು ಕಚೇರಿಗೆ ಹೋಗಿತ್ತು. ತಿದ್ದುಪಡಿ ಅರ್ಜಿ ಬರೆದುಕೊಂಡು ಹೋದೆ. ಗುಮಾಸ್ತರು ಓದಿ, "ಟೋಟಲ್ ಮಾಡೋದ್ರಲ್ಲಿ ತಪ್ಪಾಗಿತ್ತಾ ಸರ್?" ಎಂದು ಕೇಳಿದರು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅಂಥ ತಪ್ಪು ಯಾರಿಗೂ ಅವಮಾನವಲ್ಲ.

"ಇಲ್ಲ, ಓದೋದ್ರಲ್ಲಿ" ಎಂದೆ.