ನೂರೆಂಟು ಮಣಿ ಮತ್ತು ಹೊಣೆಯ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟೆಗಳ ಜೈನ ಕುಟುಂಬಗಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಇನ್ನು ಕೆಲವರದು ಗುಜರಾತಿ. ಆದರೆ ಎಲ್ಲರ ನಾಲಗೆಯ ಮೇಲಿನ ಪಂಚನಮಸ್ಕಾರ ಮಂತ್ರ ಒಂದೇ. ಎಲ್ಲರ ಜಪಮಾಲೆಯ ಮಣಿಗಳೂ 108. ಅವು 107 ಅಥವಾ 109 ಏಕಾಗಿಲ್ಲ? ಈ ಪ್ರಶ್ನೆಯನ್ನು ಬಿಡಿಸಹೊರಟರೆ ಗಣಿತದ ದಾರಿಯೇ ಧರ್ಮದ ಬಾಗಿಲಿಗೆ ಕರೆದೊಯ್ಯುತ್ತದೆ.

ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸುವ ಸಂಖ್ಯೆಯೇ ಅದರ ಅಪವರ್ತನ. 108ಕ್ಕೆ 1, 2, 3, 4, 6, 9, 12, 18, 27, 36, 54, 108 ಎಂದು ಹನ್ನೆರಡು ಅಪವರ್ತನಗಳು. ಆದ್ದರಿಂದಲೇ 27 ಮಣಿಗಳ ಕಿರುಮಾಲೆಯನ್ನು ನಾಲ್ಕು ಸುತ್ತು ಎಣಿಸಿದರೂ ಜಪ ಪೂರ್ಣವಾಗುತ್ತದೆ. 107, 109 ಹಾಗಲ್ಲ. ಅವುಗಳನ್ನು ಪರೀಕ್ಷಿಸಲು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. 11ರ ವರ್ಗವೇ 121 ಆದುದರಿಂದ ಮುಂದೆ ಹೋಗಬೇಕಾಗಿಲ್ಲ. ಪ್ರತಿ ಬಾರಿಯೂ ಶೇಷ ಉಳಿಯುವುದರಿಂದ ಅವೆರಡೂ ಅವಿಭಾಜ್ಯ ಸಂಖ್ಯೆಗಳು.

ಇಂತಹ ವಿಚಾರ ಜೈನಾಚಾರ್ಯರಿಗೆ ಹೊಸದಲ್ಲ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಭಿನ್ನರಾಶಿಗಳ ಛೇದಗಳನ್ನು ಸಮಗೊಳಿಸಲು ಅವುಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗುಳಿದ ಭಾಗಲಬ್ಧಗಳನ್ನೂ ಗುಣಿಸಿ 'ನಿರುದ್ಧ'ವನ್ನು, ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಪಡೆಯುವ ಕ್ರಮವನ್ನು ಅವರು ಅದರಲ್ಲಿ ಹೇಳಿದ್ದಾರೆ. ಈ ಗ್ರಂಥವು ಹಿಂದಿ ಅನುವಾದದೊಡನೆ 1963ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಯಿತು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಬಂದಿತು.

ಸಂಖ್ಯೆಗೆ ಅಪವರ್ತನಗಳಿರುವಂತೆ ಕರ್ಮಕ್ಕೂ ಇವೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅವನ್ನು ಎಣಿಸಿದೆ. ಸಂರಂಭವೆಂದರೆ ಸಂಕಲ್ಪ, ಸಮಾರಂಭವೆಂದರೆ ಸಾಧನಗಳನ್ನು ಕೂಡಿಸುವುದು, ಆರಂಭವೆಂದರೆ ಕಾರ್ಯಕ್ಕೆ ತೊಡಗುವುದು: ಇವು ಮೂರು. ಮನ, ವಚನ, ಕಾಯ ಎಂಬ ಯೋಗಗಳು ಮೂರು. ತಾನು ಮಾಡುವ ಕೃತ, ಇತರರಿಂದ ಮಾಡಿಸುವ ಕಾರಿತ, ಮಾಡಿದ್ದನ್ನು ಒಪ್ಪುವ ಅನುಮತ, ಹೀಗೆ ಮತ್ತೆ ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳು ನಾಲ್ಕು. ಇವುಗಳ ಗುಣಲಬ್ಧವೇ 108. ಮಾಲೆಯ ಒಂದೊಂದು ಮಣಿಯೂ ಪಾಪ ಒಳಬರುವ ಒಂದೊಂದು ದ್ವಾರದ ನೆನಪೆಂದು ಹಿರಿಯರು ವಿವರಿಸುವುದುಂಟು.

ಅಂಗಡಿಯಲ್ಲಿ ತೂಕ ಕಡಿಮೆಯಾಗುತ್ತಿದೆ ಎನ್ನೋಣ. ತಕ್ಕಡಿ ಹಿಡಿದವನು ಗುಮಾಸ್ತ. ಯಜಮಾನನು ಕಂಡೂ ಸುಮ್ಮನಿದ್ದು ಲಾಭಕ್ಕೆ ಸಂತೋಷಪಟ್ಟನು. "ನನ್ನ ಕೈ ಶುದ್ಧವಾಗಿದೆ" ಎಂದು ಅವನು ಹೇಳಬಹುದೇ? ತೂಕ-ಅಳತೆಗಳ ಮೋಸವನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಶಾಸ್ತ್ರವು ಈ ಮಾತನ್ನು ಒಪ್ಪುವುದಿಲ್ಲ. ತಾನು ಮಾಡುವುದನ್ನಷ್ಟೇ ಬಿಟ್ಟರೆ ಲೆಕ್ಕ 3×3×2×4, ಅಂದರೆ 72ಕ್ಕೆ ಇಳಿಯುತ್ತದೆ, ಮುಗಿಯುವುದಿಲ್ಲ.

ಹಾಗಾದರೆ ಮಾಡಿದವನೂ ಒಪ್ಪಿದವನೂ ಸಮಾನ ದೋಷಿಗಳೇ? ಹಾಗೆಂದು ಹೇಳಲಾಗದು. ಭಾವದ ತೀವ್ರತೆ-ಮಂದತೆ, ತಿಳಿದು ಮಾಡಿದ್ದು-ತಿಳಿಯದೆ ಮಾಡಿದ್ದು ಮುಂತಾದುವುಗಳಿಂದ ಆಸ್ರವದಲ್ಲಿ ತಾರತಮ್ಯವುಂಟೆಂದು ಅದೇ ಅಧ್ಯಾಯ ತಿಳಿಸುತ್ತದೆ. 108 ಎಂಬುದು ದ್ವಾರಗಳ ಎಣಿಕೆಯೇ ಹೊರತು ಒಳಬಂದ ಭಾರದ ತೂಕವಲ್ಲ. ಭಾರ ಹಗುರವಾಗಿರಬಹುದು, ಆದರೆ ದ್ವಾರ ತೆರೆದಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಒಂದು ತಪ್ಪಿಗೆ ಪಶ್ಚಾತ್ತಾಪಪಟ್ಟು ಒಂದನ್ನು ಕಳೆದರೆ 107 ಉಳಿಯುತ್ತದೆ. ಒಂದು ಅಪವರ್ತನವನ್ನೇ ತಗ್ಗಿಸಿದರೆ ಫಲ ಬೇರೆ. ಕ್ರೋಧವೊಂದನ್ನು ಗೆದ್ದರೆ ಕಷಾಯಗಳು ಮೂರಾಗಿ 27×3, ಅಂದರೆ 81. ಒಮ್ಮೆಗೇ 27 ದ್ವಾರಗಳು ಮುಚ್ಚಿದವು. ನಾಲ್ಕೂ ಕ್ಷಯವಾದಾಗ 27×0. ಸೊನ್ನೆಯಿಂದ ಗುಣಿಸಿದ ಮೇಲೆ ಏನೂ ಉಳಿಯದು. ಆದುದರಿಂದಲೇ ಕಷಾಯವಿಜಯವು ಸಾಧನೆಯ ಮೂಲ.

ಗಣಿತಸಾರಸಂಗ್ರಹವನ್ನು ಪ್ರಕಟಿಸಿದ ಆ ಗ್ರಂಥಮಾಲೆಯ ಹಿಂದೆಯೂ ಇಂತಹದೇ ಒಂದು ಲೆಕ್ಕವಿದೆ. ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು 1941ರಲ್ಲಿ ಮೂವತ್ತು ಸಾವಿರ ರೂಪಾಯಿಗಳ ದಾನದೊಡನೆ ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿದರು. 1944ರಲ್ಲಿ ಸುಮಾರು ಎರಡು ಲಕ್ಷದ ತಮ್ಮ ಸಂಪತ್ತನ್ನೆಲ್ಲ ಅದಕ್ಕೆ ಅರ್ಪಿಸಿದರು. ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತ ಕೂಡದೆ ಲೋಭವೆಂಬ ಅಪವರ್ತನಕ್ಕೇ ಕೈಹಾಕಿದರು. ಪರ್ವದ ದಿನಗಳಲ್ಲಿ ಮಾಲೆ ಹಿಡಿದ ಶ್ರಾವಕ-ಶ್ರಾವಿಕೆಯರು ಮಣಿಗಳ ಜೊತೆಗೆ ತಮ್ಮೊಳಗಿನ ಆ ನಾಲ್ಕನ್ನೂ ಎಣಿಸಿಕೊಂಡರೆ ಜಪ ಸಾರ್ಥಕ.