ರಾಖಿಯ ಪಾಕೀಟು ಮತ್ತು ಕಟ್ಟುವ ಕೈ

ರಾಖಿ ಪಾಕೀಟು ಎಂದರೆ ನೂಲ ಹುಣ್ಣಿಮೆಗೆ ಕೆಲವು ವಾರ ಮುಂಚೆ ಅಂಚೆ ಕಚೇರಿಗಳಲ್ಲಿ ಮಾರಾಟಕ್ಕೆ ಬರುವ, ರಾಖಿಯ ಚಿತ್ರ ಅಚ್ಚಾದ ಲಕೋಟೆ. ಈಚಿನ ವರ್ಷಗಳಲ್ಲಿ ಅದರ ಬೆಲೆ 10 ರೂಪಾಯಿಯ ಆಸುಪಾಸಿನಲ್ಲಿದೆ. ಟಪಾಲಿನ ವೆಚ್ಚ ಬೇರೆ. ಹಬ್ಬ ಬರುವುದು ಶ್ರಾವಣದ ಮಳೆಯಲ್ಲಿ, ಆದ್ದರಿಂದ ಹಾಳೆ ನೀರು ಹೀರುವುದಿಲ್ಲ, ಸುಲಭಕ್ಕೆ ಹರಿಯುವುದೂ ಇಲ್ಲ. ಉತ್ತರ ಕರ್ನಾಟಕ ವಲಯದ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿ ಧಾರವಾಡದಲ್ಲಿದೆ, ರೈಲ್ವೆ ಅಂಚೆ ಸೇವೆಯ ‘ಎಚ್‌ಬಿ’ ವಿಭಾಗ ಹುಬ್ಬಳ್ಳಿಯಲ್ಲಿದೆ. ಹೀಗಾಗಿ ಅವಳಿ ನಗರ ಟಪಾಲಿನ ಊರೂ ಹೌದು. ವ್ಯಾಪಾರಕ್ಕೆಂದು ಬಂದು ಹುಬ್ಬಳ್ಳಿಯಲ್ಲೇ ನೆಲೆಸಿದ ಗುಜರಾತಿ, ಮಾರವಾಡಿ ಮನೆತನಗಳಿಗೆ ರಾಖಿ ಹಳೆಯ ಹಬ್ಬ. ಉಳಿದವರಿಗೆ ಅದು ಶಾಲೆ, ಸಿನೆಮಾ, ಅಂಗಡಿಗಳ ದಾರಿಯಿಂದ ಬಂದದ್ದು.

ಸಂಗ್ರಾಹಕರು ‘ವಿಶೇಷ ಲಕೋಟೆ’ ಎನ್ನುವುದು ಬೇರೆ ಜಾತಿ. ಅದು ಯಾವುದಾದರೂ ಸಂದರ್ಭಕ್ಕೆ ಹೊರಬಂದು, ಅಂದಿಗಷ್ಟೇ ಸಲ್ಲುವ ಚಿತ್ರ ಮೊಹರು ಹೊಡೆಸಿಕೊಂಡು, ಎಲ್ಲಿಗೂ ಹೋಗದೆ ಆಲ್ಬಮ್ ಸೇರುತ್ತದೆ. ರಾಖಿ ಪಾಕೀಟು ಹುಟ್ಟಿದ್ದೇ ಹೋಗಲಿಕ್ಕೆ. ಬಳಸದ ಪಾಕೀಟು ಆಯಾ ವರ್ಷದ ಚಿತ್ರವಿನ್ಯಾಸವನ್ನಷ್ಟೇ ತೋರಿಸುತ್ತದೆ. ಟಪಾಲಿನಲ್ಲಿ ಹೋಗಿ ಮುಟ್ಟಿದ ಪಾಕೀಟಿನಲ್ಲಿ ಹೊರಟ ಊರು, ತಾರೀಖಿನ ಠಸ್ಸೆ, ಹಚ್ಚಿದ ಚೀಟಿಗಳು, ಎರಡು ವಿಳಾಸಗಳು ಎಲ್ಲವೂ ಇರುತ್ತವೆ. ಇಲ್ಲದಿರುವುದು ಒಂದೇ, ರಾಖಿ. ಅದು ಅಣ್ಣನ ಕೈಯಲ್ಲಿ ಇದ್ದಷ್ಟು ದಿನ ಇದ್ದು, ನೀರಿಗೋ ಗಿಡದ ಬುಡಕ್ಕೋ ಹೋಗಿರುತ್ತದೆ. ಕ್ರಿಯೆಗೆ ಬೇಕಾದ ವಸ್ತು ಹೋಗಿ, ಅದನ್ನು ಹೊತ್ತು ತಂದದ್ದು ಉಳಿಯುತ್ತದೆ. ಹಾಗಾದರೆ ಇಂಥ ಪಾಕೀಟು ಕೂಡಿಡುವವನು ಕೂಡಿಡುತ್ತಿರುವುದು ಏನನ್ನು? ಅದಕ್ಕೂ ಮೊದಲು, ಟಪಾಲಿನಲ್ಲಿ ಕಳಿಸಿದ ರಕ್ಷೆ ರಕ್ಷೆಯಾಗುತ್ತದೆಯೆ?

ಧಾರವಾಡದ ಸೀಮೆಯಲ್ಲಿ ಈ ಪ್ರಶ್ನೆಗೆ ಮೊನಚು ಹೆಚ್ಚು. ಇಲ್ಲಿಯ ಮೂಲ ಒಡಹುಟ್ಟಿದವರ ಹಬ್ಬ ಪಂಚಮಿ, ನೂಲ ಹುಣ್ಣಿಮೆಗಿಂತ ಹತ್ತು ತಿಥಿ ಮೊದಲು. ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ರೊಟ್ಟಿ ಪಂಚಮಿ, ನಾಗಪ್ಪನಿಗೆ ಹಾಲು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಮರಕ್ಕೆ ಜೋಕಾಲಿ. ಕರೆಯಲು ಯಾರೂ ಬಾರದ ಹೆಣ್ಣಿನ ಸಂಕಟ ಈ ಭಾಗದ ಜನಪದ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬರಲಾಗದ ತಂಗಿಗೆ ಉಂಡಿಯ ಡಬ್ಬಿಯನ್ನು ಬಸ್ಸಿಗೆ ಹಾಕಿ ಕಳಿಸಬಹುದು, ಆದರೆ ಅದನ್ನು ಪಂಚಮಿ ಆಯಿತೆಂದು ಯಾರೂ ಎಣಿಸುವುದಿಲ್ಲ. ಜೋಕಾಲಿಯನ್ನು ಲಕೋಟೆಗೆ ಹಾಕಲಾಗದು. ರಾಖಿಗೆ ಅಚ್ಚಾದ ಪಾಕೀಟು ಇದ್ದು ಪಂಚಮಿಗೆ ಇಲ್ಲದಿರುವುದು ಅಂಚೆ ಇಲಾಖೆಯ ಮರೆವೇನಲ್ಲ. ಒಂದು ಹಬ್ಬ ದೂರವನ್ನು ಅಳಿಸದೆ ನಡೆಯುವುದಿಲ್ಲ, ಇನ್ನೊಂದು ದೂರವನ್ನು ಒಪ್ಪಿಕೊಂಡೇ ನಡೆಯುತ್ತದೆ.

ರಕ್ಷೆ ಮೊದಲಿನಿಂದಲೂ ಅಕ್ಕತಂಗಿಯರ ಕೆಲಸವಾಗಿರಲಿಲ್ಲ. ಭವಿಷ್ಯ ಪುರಾಣದ ಕಥೆಯಲ್ಲಿ ದೈತ್ಯರಿಂದ ಸೋತ ಇಂದ್ರನ ಕೈಗೆ ರಕ್ಷೆ ಬರುವುದು ಅವನ ಹೆಂಡತಿ ಶಚಿಯಿಂದ. ಅದೇ ಪುರಾಣ ವಿವರಿಸುವ ವಿಧಿಯಲ್ಲಿ ಪುರೋಹಿತನು ರಾಜನ ಮುಂಗೈಗೆ ಕಟ್ಟುತ್ತಾನೆ. ಕಟ್ಟುವುದು ಬರಿಯ ದಾರವನ್ನೂ ಅಲ್ಲ, ಅಕ್ಷತೆ, ಬಿಳಿ ಸಾಸಿವೆ, ಚಿನ್ನ ಇಟ್ಟು ಸುತ್ತಿದ ಬಟ್ಟೆಯ ಸಣ್ಣ ಗಂಟನ್ನು. ರಕ್ಷೆಯೇ ಮೊದಲು ಒಂದು ಪಾಕೀಟಾಗಿತ್ತು ಎನ್ನಬಹುದು. ಕರ್ನಾಟಕದಲ್ಲಿ ಆ ಹುಣ್ಣಿಮೆಯ ನೂಲು ಎಂದರೆ ಹೆಚ್ಚಾಗಿ ಉಪಾಕರ್ಮದ ಜನಿವಾರ.

ದೂರದಿಂದ ಕಳಿಸುವ ರೂಢಿಗೂ ಅಂಚೆ ಇಲಾಖೆಗಿಂತ ಹೆಚ್ಚು ವಯಸ್ಸಾಗಿದೆ. ಚಿತ್ತೋಡಿನ ರಾಣಿ ಕರ್ಣಾವತಿ ಮೊಗಲ ದೊರೆ ಹುಮಾಯೂನನಿಗೆ ರಾಖಿ ಕಳಿಸಿದ ಕಥೆಯನ್ನು ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ. ಆದರೆ ಆ ಕಥೆಯನ್ನು ಜನಪ್ರಿಯಗೊಳಿಸಿದ ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್ ರಜಪೂತ ರಾಣಿಯರಿಂದ ತಾನೂ ರಾಖಿ ಪಡೆದದ್ದನ್ನು 1829ರಲ್ಲಿ ಅಚ್ಚಾದ ತನ್ನ ರಾಜಸ್ಥಾನದ ಇತಿಹಾಸದಲ್ಲಿ ಬರೆದಿದ್ದಾನೆ. ಪರದೆಯ ಹಿಂದಿನ ಹೆಂಗಸು ಪರಪುರುಷನ ಕೈ ಹಿಡಿದು ಕಟ್ಟುವಂತಿರಲಿಲ್ಲ. ಹೊತ್ತು ತರುವವನೊಬ್ಬ ನಡುವೆ ಬೇಕೇ ಬೇಕಿತ್ತು. ಕನ್ನಡದಲ್ಲಂತೂ ಹೊತ್ತು ತರುವವನ ಹೆಸರೇ ಅಂಚೆಯಣ್ಣ.

ರೂಢಿ ಹಳೆಯದಾದ ಮಾತ್ರಕ್ಕೆ ಪ್ರಶ್ನೆ ತೀರುವುದಿಲ್ಲ. ಕರ್ಮದಲ್ಲಿ ಯಾವುದಕ್ಕೆ ಬದಲಿ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯ ‘ಪ್ರತಿನಿಧಿ’ ಎಂಬ ಹೆಸರಿನಲ್ಲಿ ಚರ್ಚಿಸುತ್ತದೆ. ವಿಧಿಸಿದ ಧಾನ್ಯ ಸಿಗದಿದ್ದರೆ ಅದನ್ನು ಹೋಲುವ ಬೇರೆ ಧಾನ್ಯ ಆದೀತು. ದೇವತೆಗೆ, ಮಂತ್ರಕ್ಕೆ ಬದಲಿ ಇಲ್ಲ. ಫಲ ಬಯಸಿ ಕರ್ಮಕ್ಕೆ ತೊಡಗಿದ ಯಜಮಾನನಿಗೂ ಬದಲಿ ಇಲ್ಲ. ದಕ್ಷಿಣೆ ಪಡೆದು ಕೆಲಸ ನಡೆಸುವ ಋತ್ವಿಜರ ಮಾತು ಬೇರೆ, ಅವರ ಜಾಗಕ್ಕೆ ಇನ್ನೊಬ್ಬರು ಬರಬಹುದು. ಈ ಅಳತೆಗೋಲನ್ನು ರಾಖಿಗೆ ಹಿಡಿದರೆ ಉತ್ತರ ಎರಡು ಕವಲಾಗುತ್ತದೆ. ಪುರಾಣದ ವಿಧಿಯಲ್ಲಿ ಕಟ್ಟುವವನು ಪುರೋಹಿತ, ಕಾಣಿಕೆ ಪಡೆಯುವವನೂ ಅವನೇ. ತಂಗಿ ಅವನ ಜಾಗಕ್ಕೆ ಬಂದವಳಾದರೆ, ಅವಳ ಪರವಾಗಿ ಅತ್ತಿಗೆಯೋ ಮಗಳೋ ಪಕ್ಕದ ಮನೆಯ ಹುಡುಗಿಯೋ ಕಟ್ಟಿದರೂ ಕುಂದಿಲ್ಲ. ಆದರೆ ಇಂದಿನ ಹಬ್ಬ ನಿಂತಿರುವುದು ಕಟ್ಟುವವಳು ತಂಗಿ ಎಂಬ ಒಂದೇ ಕಾರಣದ ಮೇಲೆ. ಅಣ್ಣನ ಕ್ಷೇಮ ಬಯಸಿ ಸಂಕಲ್ಪ ಮಾಡುವವಳೂ ಅವಳೇ. ಆಗ ಅವಳು ಯಜಮಾನನ ಸ್ಥಾನಕ್ಕೆ ಬರುತ್ತಾಳೆ, ಬದಲಿಯ ಮಾತೇ ಬರುವುದಿಲ್ಲ. ಎರಡನೆಯದೇ ಸರಿಯೆಂದರೆ ಒಂದು ದಾರಿ ಉಳಿಯುತ್ತದೆ: ಸಂಕಲ್ಪ ಅವಳದು, ಗಂಟು ಹಾಕುವ ಬೆರಳು ಮಾತ್ರ ಎರವಲು. ಯಜಮಾನನ ಸಂಕಲ್ಪಕ್ಕೆ ಋತ್ವಿಜನ ಕೈ ಇದ್ದಂತೆ.

ಟಪಾಲಿನಲ್ಲಿ ಪವಿತ್ರ ವಸ್ತು ಬರುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ಧರ್ಮಸ್ಥಳಕ್ಕೆ ಮನಿಯಾರ್ಡರು ಮಾಡಿದವರಿಗೆ ಕುಂಕುಮ ಪ್ರಸಾದ ಬಂದಿದೆ, ಮಂತ್ರಾಲಯದಿಂದ ಮಂತ್ರಾಕ್ಷತೆ ಬಂದಿದೆ. 2016ರಿಂದ ಅಂಚೆ ಕಚೇರಿಗಳು ಗಂಗಾಜಲವನ್ನೂ ಮಾರಿವೆ. ಆದರೆ ಪ್ರಸಾದದ ಲಕೋಟೆ ಹೊರಡುವುದು ಪೂಜೆ ಮುಗಿದ ಮೇಲೆ. ಅದು ಮುಟ್ಟುವುದು ತಡವಾದರೂ ಪೂಜೆಗೆ ಲೋಪವಿಲ್ಲ. ರಾಖಿಯ ಲಕೋಟೆ ಹೊರಡುವುದು ಕ್ರಿಯೆಗೆ ಮೊದಲು. ಹುಣ್ಣಿಮೆ ದಾಟಿ ಬಂದರೆ ಒಳಗಿರುವುದು ಬರಿಯ ದಾರ. ಅಶುಭವೆನ್ನುವ ಭದ್ರಾ ಕಾಲ ಬಿಟ್ಟು ಕಟ್ಟಬೇಕೆಂದು ಪಂಚಾಂಗ ಹೇಳುವ ಕ್ರಿಯೆಯೊಂದರ ಭಾರ ವಿಂಗಡಣೆಯ ಮೇಜಿನ ಮೇಲೆ ಬೀಳುವುದು ಹೀಗೆ. ಆದ್ದರಿಂದಲೇ ರಾಖಿ ಪಾಕೀಟಿನ ಮೇಲೆ ಠಸ್ಸೆಯ ತಾರೀಖಿಗೆ ಬೇರಾವ ಟಪಾಲಿಗೂ ಇಲ್ಲದ ತೂಕವಿದೆ. ಸಂಗ್ರಾಹಕನು ಅದನ್ನು ಆ ವರ್ಷದ ಪಂಚಾಂಗದ ಪಕ್ಕದಲ್ಲಿಟ್ಟು ಓದಬೇಕು.

ರಾಖಿ ಅಂಗಡಿಯದು, ಪಾಕೀಟು ಸರಕಾರದ್ದು, ಕಟ್ಟಿದ ಬೆರಳು ಎರವಲಿನದು. ತಂಗಿಯ ಕೈ ನೇರವಾಗಿ ಬಿದ್ದಿರುವ ಜಾಗ ಒಂದೇ, ವಿಳಾಸದ ಸಾಲುಗಳು. ಸಂಕಲ್ಪದಲ್ಲಿ ಕರ್ತೃವಿನ ಹೆಸರು, ದೇಶ, ಕಾಲಗಳ ಉಚ್ಚಾರ ಇರಲೇಬೇಕು. ಪಾಕೀಟಿನ ‘ಇಂದ’ ಎಂಬಲ್ಲಿ ಹೆಸರೂ ಊರೂ ಇವೆ, ಕಾಲವನ್ನು ಠಸ್ಸೆ ಸೇರಿಸುತ್ತದೆ. ಟಪಾಲಿನ ರಾಖಿಯ ಸಂಕಲ್ಪ ಬರಹವಾಗಿ ಉಳಿಯುವುದು ಪಾಕೀಟಿನ ಮೇಲೆಯೇ. 2020ರ ಕೊರೋನಾ ಕಾಲದಲ್ಲಿ ಕರ್ನಾಟಕ ಅಂಚೆ ವೃತ್ತವು ‘ರಾಖಿ ಪೋಸ್ಟ್’ ಆರಂಭಿಸಿ, ಆನ್‌ಲೈನಿನಲ್ಲೇ ರಾಖಿ ಆರಿಸಿ ಕಳಿಸುವ ಅನುಕೂಲ ಮಾಡಿತು. ಊರು ದಾಟಲಾಗದ ವರ್ಷದಲ್ಲಿ ಅದು ದೊಡ್ಡ ಉಪಕಾರ. ಕೈಬರಹದ ವಿಳಾಸ ಮಾತ್ರ ಅಲ್ಲಿ ತಪ್ಪಿತು.

ಹಾಗೆಂದು ಪಾಕೀಟೇ ಪೂಜ್ಯವಾಗುವುದಿಲ್ಲ. ದೇವರ ಮೇಲಿನ ಹೂವು ಇಳಿದ ಮೇಲೆ ನಿರ್ಮಾಲ್ಯ, ಅದನ್ನು ವಿಸರ್ಜಿಸಬೇಕು. ಆ ನಿಯಮ ಕೈಯಿಂದ ಬಿಚ್ಚಿದ ರಾಖಿಗೆ ಸಲ್ಲುತ್ತದೆ. ಪಾಕೀಟು ಎಂದೂ ಅರ್ಪಿತವಾಗದ ಕಾರಣ ನಿರ್ಮಾಲ್ಯವಲ್ಲ. ಇಟ್ಟುಕೊಂಡರೆ ದೋಷವಿಲ್ಲ, ರದ್ದಿಗೆ ಹಾಕಿದರೆ ಪಾಪವೂ ಇಲ್ಲ. ಇನ್ನೊಂದು ಎಚ್ಚರ ಈ ನೆಲದ್ದೇ. ಶಿಲೆಯ ಹಾವಿಗೆ ಹಾಲು, ಜೀವದ ಹಾವಿಗೆ ಬಡಿಗೆ ಎಂಬ ವಿರೋಧವನ್ನು ಬಸವಣ್ಣ ತೋರಿಸಿದ್ದು ನಾಗಪೂಜೆಯ ಬಗ್ಗೆ; ಪಂಚಮಿಯ ದಿನ ಮಕ್ಕಳಿಗೆ ಹಾಲು ಕೊಡುವವರು ಇಂದಿಗೂ ಅದನ್ನು ನೆನೆಯುತ್ತಾರೆ. ಆ ಮಾತು ರಾಖಿಗೂ ತಾಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕದ ತಿದ್ದುಪಡಿ 1994ರಲ್ಲಿ, ಕೇಂದ್ರದ ತಿದ್ದುಪಡಿ 2005ರಲ್ಲಿ ಕೊಟ್ಟಿವೆ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡು ಅವಳ ರಾಖಿಯ ಪಾಕೀಟನ್ನು ಜೋಪಾನ ಮಾಡುವುದು ಶಿಲೆಗೆ ಹಾಲೆರೆದ ಹಾಗೆಯೇ. ರದ್ದಿ ಅಂಗಡಿಯಲ್ಲಿ ಪಾಕೀಟು ಹುಡುಕುವವನಿಗೂ ಒಂದು ಮರ್ಯಾದೆ ಬೇಕು: ಹೊರಮೈ ಅವನದಾಗಬಹುದು, ಒಳಗಿನ ಕಾಗದ ಬರೆದವಳದು.

ಅವಳಿ ನಗರದ ಪಾಕೀಟುಗಳನ್ನು ಸಾಲಾಗಿ ಜೋಡಿಸುವವನಿಗೆ ಎರಡು ಗಡಿಗಳು ಉಪಯುಕ್ತ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಠಸ್ಸೆಗಳಲ್ಲೂ ಕೈಬರಹದ ವಿಳಾಸಗಳಲ್ಲೂ ಹಳೆಯ ರೂಪ ಎಲ್ಲಿಯವರೆಗೆ ಉಳಿಯಿತೆಂದು ನೋಡಬೇಕು. ಎರಡನೆಯದು 2025. ಆ ವರ್ಷದ ರಾಖಿ ಆಗಸ್ಟ್ 9ರಂದು ಬಂತು, ಹಬ್ಬ ಮುಗಿದ ಮೇಲೆ ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಕಳೆದುಹೋಗಬಾರದೆಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ರಾಖಿ ಪಾಕೀಟುಗಳ ಸಾಲು ಅಲ್ಲಿಗೆ ಮುಗಿಯುತ್ತದೆ. ನೀರು ಹೀರದ ಪಾಕೀಟು ಬರುವುದಕ್ಕೂ ಹಿಂದಿನ ಸಾದಾ ಕಾಗದದ ಲಕೋಟೆಗಳನ್ನು ಎತ್ತಿಡುವಾಗ ಅಕ್ಷತೆಯ ಕಾಳುಗಳನ್ನು ಹುಳ ಹಿಡಿಯದಂತೆ ತೆಗೆಯಬೇಕು. ಒಳಗಿಟ್ಟ ಕುಂಕುಮ ಮಳೆಯ ತೇವಕ್ಕೆ ಕಾಗದದಲ್ಲಿ ಇಳಿದು ಮೂಲೆಯಲ್ಲಿ ಕೆಂಪಾಗಿ ಮೂಡಿದ್ದರೆ ಅದನ್ನು ಒರೆಸಬಾರದು. ನೀರು ತಾಗದ ಹೊಸ ಪಾಕೀಟುಗಳಲ್ಲಿ ಆ ಕಲೆ ಹೊರಗೆ ಬರುವುದಿಲ್ಲ.