ನಗಿಸುವವನ ಹಾಡು

ಒಬ್ಬ ಮನುಷ್ಯನನ್ನು ಒಂದೇ ಗುಣದಿಂದ ಗುರುತಿಸಿ, ಜೀವನಪರ್ಯಂತ ಅವನು ಆ ಗುರುತಿನೊಳಗೇ ಇರಬೇಕೆಂದು ಬಯಸುವುದು ನ್ಯಾಯವೇ? ಸಹೃದಯರೂ ಅರಿಯದೆ ಎಸಗುವ ಈ ಅನ್ಯಾಯವನ್ನು ವಿಚಾರಮಾಡಲು ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್ ಅವರ ಒಂದು ಗೀತಸಂಪುಟ ತಕ್ಕ ನಿದರ್ಶನ.

1926ರಲ್ಲಿ ಜನಿಸಿದ ಲೂಯಿಸ್ ರಂಗಕಲಾವಿದರ ಮಗ. ಗ್ರಾಮಫೋನಿನಲ್ಲಿ ಬೇರೊಬ್ಬರ ಹಾಡು ನುಡಿಯುತ್ತಿರಲು, ತಾವು ಸ್ವರವೆತ್ತದೆ ತುಟಿಯಾಡಿಸಿ ನಗಿಸುವುದು ಅವರ ಮೊದಲ ಕಸುಬು. 1946ರಲ್ಲಿ ಗಾಯಕ ಡೀನ್ ಮಾರ್ಟಿನ್ ಅವರೊಡನೆ ಜೊತೆಗೂಡಿದರು. ಮಾರ್ಟಿನ್ ಹಾಡುವುದು, ಲೂಯಿಸ್ ನಡುವೆ ನುಗ್ಗಿ ಹಾಡನ್ನು ಕೆಡಿಸುವುದು: ಇದೇ ಆ ಜೋಡಿಯ ಬಂಡವಾಳ. ಹದಿನಾರು ಚಲನಚಿತ್ರಗಳ ಬಳಿಕ, ಸರಿಯಾಗಿ ಹತ್ತು ವರ್ಷಕ್ಕೆ, 1956ರ ಜುಲೈಯಲ್ಲಿ ಜೋಡಿ ಮುರಿಯಿತು. ಅದೇ ವರ್ಷ ಡೆಕ್ಕಾ ಸಂಸ್ಥೆಯ ಮೂಲಕ ಲೂಯಿಸ್ ಹಾಡಿದ ಸಂಪುಟ ಹೊರಬಂತು. ಅದರ ಹೆಸರು ‘ಜೆರ್ರಿ ಲೂಯಿಸ್ ಜಸ್ಟ್ ಸಿಂಗ್ಸ್’. ಅಂದರೆ, ‘ಲೂಯಿಸ್ ಹಾಡುತ್ತಾರೆ, ಅಷ್ಟೇ’. ಅದರಲ್ಲಿದ್ದುದು ಜನಕ್ಕೆ ಬಾಯಿಪಾಠವಾಗಿದ್ದ ಹಳೆಯ ಹಾಡುಗಳು. 1918ರ ಸುಮಾರಿನಲ್ಲಿ ಆಲ್ ಜೋಲ್ಸನ್ ಪ್ರಸಿದ್ಧಗೊಳಿಸಿದ್ದ ಒಂದು ಗೀತೆಯನ್ನು ಲೂಯಿಸ್ ಹಾಡಿದ ಧ್ವನಿಮುದ್ರಿಕೆಯ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

‘ಅಷ್ಟೇ’ ಎಂಬ ಆ ಮಾತಿನಲ್ಲಿ ವಿನಯವಿದೆ. ವಿನಯಕ್ಕಿಂತ ಮಿಗಿಲಾಗಿ ಧೈರ್ಯವಿದೆ. ಹಾಸ್ಯಗಾರನಿಗೆ ಹಾಸ್ಯವೇ ಕವಚ. ಶ್ರುತಿ ತಪ್ಪಿದರೆ ಅದೂ ತಮಾಷೆಯೇ ಆಗಿಬಿಡುತ್ತದೆ. ಮನಃಪೂರ್ವಕವಾಗಿ ಹಾಡತೊಡಗಿದವನು ಆ ಕವಚವನ್ನು ಕಳಚಿಟ್ಟು ನಿಲ್ಲುತ್ತಾನೆ. ಹೊಸ ಹಾಡಾದರೆ ಹೋಲಿಕೆಯ ಭಯವಿಲ್ಲ. ಹಳೆಯ ಹಾಡಿಗಾದರೋ ಕೇಳುವವರ ಕಿವಿಯಲ್ಲಿ ಮಹಾಗಾಯಕರ ಕಂಠ ಮೊದಲೇ ನೆಲೆಸಿರುತ್ತದೆ.

ನಗುವಿಗೂ ಇತರ ಭಾವಗಳಿಗೂ ನಡುವೆ ಗೋಡೆಯಿಲ್ಲವೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂದು ಭರತಮುನಿ ಹೇಳುತ್ತಾನೆ. ನಮ್ಮ ಯಕ್ಷಗಾನ ರಂಗದ ಬಾಹುಕನನ್ನು ನೆನೆಯಿರಿ. ಆ ವಿಕಾರರೂಪವನ್ನೂ ಚೇಷ್ಟೆಯನ್ನೂ ಕಂಡು ಸಭೆ ನಗುತ್ತದೆ. ಒಳಗಿರುವವನು ರಾಜ್ಯವನ್ನೂ ಮಡದಿಯನ್ನೂ ಕಳೆದುಕೊಂಡ ನಳ. ದಮಯಂತಿ ಅವನ ರೂಪಕ್ಕೆ ಮರುಳಾಗಲಿಲ್ಲ. ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿದಳು, ಗುರುತಿಸಿದಳು. ನಕ್ಕು ಎದ್ದುಹೋಗುವವನಿಗೂ ರುಚಿ ನೋಡಿ ಅರಿಯುವವಳಿಗೂ ಇರುವ ಅಂತರವೇ ಇಲ್ಲಿಯ ನೈತಿಕ ಪ್ರಶ್ನೆ.

ಹಾಗಾದರೆ ಹಾಸ್ಯಗಾರ ಹಾಡಿದ ಮಾತ್ರಕ್ಕೆ ಮೆಚ್ಚಲೇಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಕನಿಕರದ ಚಪ್ಪಾಳೆಯೂ ಒಂದು ಬಗೆಯ ಅವಮಾನವೇ. ‘ಹಾಸ್ಯನಟನಾಗಿಯೂ ಎಷ್ಟು ಚೆನ್ನಾಗಿ ಹಾಡಿದ’ ಎಂಬ ಹೊಗಳಿಕೆಯಲ್ಲಿ ಹಾಡಿಗಿಂತ ಹಣೆಪಟ್ಟಿಯೇ ದೊಡ್ಡದಾಗಿರುತ್ತದೆ. ಲೂಯಿಸ್ ಅವರ ಕಂಠಕ್ಕೆ ಮಾರ್ಟಿನ್ ಅವರ ಸುಲಲಿತತೆ ಇರಲಿಲ್ಲವೆಂದು ಕೇಳಿದ ಮೇಲೆ ಹೇಳಿದರೆ ಅದು ವಿಮರ್ಶೆ. ಕೇಳುವ ಮೊದಲೇ ಹೇಳಿದರೆ ಪೂರ್ವಗ್ರಹ. ನಾವು ತೀರಿಸಬೇಕಾದ ಋಣ ಮೆಚ್ಚುಗೆಯದಲ್ಲ, ಅವಧಾನದ್ದು.

ಲೂಯಿಸ್ ಹಾಸ್ಯವನ್ನು ತೊರೆಯಲಿಲ್ಲ. ಮುಂದೆ ತಾವೇ ನಿರ್ದೇಶಿಸಿ ನಟಿಸಿದ ‘ದಿ ನಟ್ಟಿ ಪ್ರೊಫೆಸರ್’ (1963) ಮೊದಲಾದ ಚಿತ್ರಗಳಿಂದಲೇ ಅವರ ಕೀರ್ತಿ ಉಳಿಯಿತು. ಆದರೂ ಆ ಹಾಡುಗಳು ವ್ಯರ್ಥವಾದವೆನ್ನಲಾಗದು. ಮನುಷ್ಯನಿಗೆ ತನ್ನ ಇನ್ನೊಂದು ದನಿಯನ್ನು ಎತ್ತುವ ಹಕ್ಕಿದೆ. ಆ ದನಿಯಿಂದಲೇ ಅವನು ಬದುಕಬೇಕೆಂಬ ನಿರ್ಬಂಧವಿಲ್ಲ.

ಗಡಿನಾಡಿನವರಾದ ನಮಗೆ ಈ ವಿಷಯ ಪರಕೀಯವಲ್ಲ. ಇತ್ತಲಿನವರಿಗೆ ನಾವು ಕನ್ನಡದವರು, ಅತ್ತಲಿನವರಿಗೆ ಗಡಿಯಾಚೆಯವರು. ಒಂದೇ ಹಣೆಪಟ್ಟಿಯಲ್ಲಿ ಅಡಗಿಸಲ್ಪಡುವ ನೋವನ್ನು ಬಲ್ಲ ನಾವು ಇತರರಿಗೆ ಅದನ್ನು ಅಂಟಿಸಬಾರದು. ತರಗತಿಯಲ್ಲಿ ಎಲ್ಲರನ್ನೂ ನಗಿಸುವ ಹುಡುಗ ಒಂದು ದಿನ ಎದ್ದುನಿಂತು ‘ನಾನೊಂದು ಪದ ಹಾಡುತ್ತೇನೆ, ಸರ್’ ಎಂದಾಗ, ನಗುವುದಕ್ಕೆ ಮೊದಲು ಪದ ಮುಗಿಯುವ ತನಕ ಕಾಯೋಣ.